ಮೋಸ ಮಾಡಿದವರ ಮೇಲಿನ ಸೇಡಿನ ಸಿಟ್ಟನ್ನು ಕರುಣೆಯಾಗಿ ಬದಲಿಸಿಕೊಳ್ಳುವುದು ಹೇಗೆ?

ನಿಮ್ಮ ಕೆಲಸವನ್ನು ಮೇಲಿನವರು ತಮ್ಮದೆಂದು ತೋರಿಸಿಕೊಂಡರು, ಆರು ತಿಂಗಳಿಂದ ಒಳಗೊಳಗೇ ಕುದಿಯುತ್ತಿದ್ದೀರಿ, ಈ ಸಿಟ್ಟು ಕರುಣೆಯಾಗುವ ದಾರಿ ಯಾವುದು ಅಂತ ಕೇಳಿದ್ದೀರಿ. 'ಬೇಕಂತಲೇ' ಅನ್ನುವ ಪದ ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಸಲ ಬಂದಿದೆ. ಅದನ್ನು ನೋಡಿದ ಕೂಡಲೇ ನನ್ನ ನೋಟ್‌ಬುಕ್ ನೆನಪಾಯಿತು. ಬರೆಯಲು ಕೂತಿದ್ದು ಅದಕ್ಕೇ.

ನನ್ನದು ಎಂಟು ತಿಂಗಳ ದುಡಿಮೆಯ ವರದಿ. ಅಂಕಿಅಂಶ ಕಲೆಹಾಕಿದ್ದು ನಾನು, ಲೆಕ್ಕ ತಾಳೆ ನೋಡಿದ್ದು ನಾನು, ಕೊನೆಯ ಕರಡು ಬರೆದಿದ್ದೂ ನಾನೇ. ಮಂಡಿಸುವ ದಿನ ಮೊದಲ ಪುಟದಲ್ಲಿ ನಮ್ಮ ವಿಭಾಗದ ಮುಖ್ಯಸ್ಥರ ಹೆಸರೊಂದೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನೂ ತಟ್ಟಿದೆ. ಆಮೇಲೆ ಎಷ್ಟೋ ದಿನ ನನ್ನ ಕೈಗಳನ್ನು ನೋಡಿಕೊಂಡರೇ ಅಸಹ್ಯವಾಗುತ್ತಿತ್ತು.

ಅವತ್ತು ರಾತ್ರಿಯೇ ಒಂದು ನೋಟ್‌ಬುಕ್ ತೆಗೆದು ದಿನಾಂಕ ಹಾಕಿ ಬರೆಯತೊಡಗಿದೆ. ಹದಿನಾಲ್ಕು ತಿಂಗಳು ಬರೆದೆ. ಅವರು ಏನಂದರು, ಯಾರ ಮುಂದೆ ಅಂದರು, ಯಾವ ಕೆಲಸ ನನ್ನ ತಲೆಗೆ ಕಟ್ಟಿದರು, ಯಾವ ಪತ್ರಕ್ಕೆ ಉತ್ತರ ಕೊಡಲಿಲ್ಲ, ಎಲ್ಲವೂ. ಒಂದಲ್ಲ ಒಂದು ದಿನ ಇದನ್ನು ಅವರ ಮುಂದೆ ಇಡುತ್ತೇನೆ, ಅವತ್ತು ಅವರ ಮುಖ ನೋಡಬೇಕು ಅನ್ನುವ ಆಸೆಯೇ ನನ್ನನ್ನು ಬೆಳಿಗ್ಗೆ ಎಬ್ಬಿಸುತ್ತಿತ್ತು.

ನಾನು ಎಡವಿದ್ದು ಎಲ್ಲಿ ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಜನ ಇದನ್ನು ಕೇಳಿದ ಕೂಡಲೇ "ಬರೆದಿಟ್ಟುಕೊಂಡಿದ್ದೇ ತಪ್ಪು, ಮರೆತುಬಿಡಬೇಕಿತ್ತು" ಅನ್ನುತ್ತಾರೆ. ಅಲ್ಲ. ಅನ್ಯಾಯವಾದವರು ಬರೆದಿಡಲೇಬೇಕು. ದಿನಾಂಕವಿಲ್ಲದ ದೂರನ್ನು ಯಾರೂ ಕೇಳುವುದಿಲ್ಲ. ನನ್ನ ತಪ್ಪು ಬರೆದಿದ್ದರಲ್ಲಿ ಇರಲಿಲ್ಲ, ನಾನು ಆರಿಸಿಕೊಂಡ ಕ್ರಿಯಾಪದಗಳಲ್ಲಿ ಇತ್ತು. 'ಸಭೆಯ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ' ಅಂತ ಬರೆಯಬೇಕಾದ ಕಡೆ 'ಬೇಕಂತಲೇ ನನ್ನನ್ನು ಹೊರಗಿಟ್ಟ' ಅಂತ ಬರೆದೆ. 'ಮೂರು ಗಂಟೆಗೆ ಎದ್ದು ಹೋದರು, ಉಳಿದ ಕೆಲಸ ನಾನು ಮುಗಿಸಿದೆ' ಅನ್ನುವ ಕಡೆ 'ನನ್ನ ಮೇಲೆ ಹೇರಿ ಮಜಾ ಮಾಡಲು ಹೋದ' ಅಂತ ಬರೆದೆ. ಕಣ್ಣಿಗೆ ಕಂಡಿದ್ದು ಅರ್ಧ ಸಾಲು, ಅವರ ಮನಸ್ಸಿನೊಳಗೆ ಹೊಕ್ಕು ನೋಡಿದವರ ಹಾಗೆ ನಾನೇ ಸೇರಿಸಿದ್ದು ಮೂರು ಸಾಲು. ಸುಳ್ಳು ಬರೆಯುತ್ತಿದ್ದೇನೆ ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ. ಒಂದು ಸಲ ದೊಡ್ಡ ಮೋಸ ಮಾಡಿದವರು ಆಮೇಲೆ ಮಾಡಿದ್ದೆಲ್ಲವೂ ಅದರ ಮುಂದುವರಿಕೆಯೇ ಇರಬೇಕು ಅಂತ ನನಗೆ ಖಾತ್ರಿಯಿತ್ತು.

ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲೇ ಇದಕ್ಕೆ 'ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್' ಅಂತ ಹೆಸರು ಕೊಟ್ಟಿದ್ದಾರೆ, ಅಂದರೆ ಕಾರಣ ಹುಡುಕುವುದರಲ್ಲೇ ಆಗುವ ಮೂಲ ತಪ್ಪು. ಬೇರೆಯವರು ಮಾಡಿದ್ದಕ್ಕೆ ಅವರ ಗುಣವನ್ನು ಕಾರಣ ಮಾಡುತ್ತೇವೆ, ಅವರಿದ್ದ ಪರಿಸ್ಥಿತಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ತಡವಾಗಿ ಬಂದರೆ ದಾರಿಯಲ್ಲಿ ತೊಂದರೆಯಾಗಿರುತ್ತದೆ, ಅವರು ತಡವಾಗಿ ಬಂದರೆ ಅವರಿಗೆ ಜವಾಬ್ದಾರಿ ಇರುವುದಿಲ್ಲ. ಎಲ್ಲರಲ್ಲೂ ಇರುವ ಈ ದೋಷ ಸೇಡಿನ ಮನಸ್ಸಿನಲ್ಲಿ ಬೇರು ಬಿಡುತ್ತದೆ.

ಇದರ ಬೆಲೆ ತೆತ್ತಿದ್ದು ಹೇಗೆ ಅಂದರೆ, ಕೊನೆಗೊಂದು ದಿನ ನಾನು ದೂರು ಕೊಟ್ಟೆ. ಮೂವರು ವಿಚಾರಣೆಗೆ ಕೂತರು. ವರದಿಯ ಹಳೆಯ ಕರಡುಗಳನ್ನಷ್ಟೇ ಕೊಟ್ಟಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ನಾನು ನೋಟ್‌ಬುಕ್ ಪೂರ್ತಿ ಕೊಟ್ಟೆ. ಅದರಲ್ಲಿ ಮೂವತ್ತೇಳು ಆರೋಪಗಳಿದ್ದವು. ಅವರು ಮೊದಲು ಎತ್ತಿಕೊಂಡಿದ್ದೇ ಆ ಸಭೆಯ ವಿಷಯ. ಆ ವಾರ ಮುಖ್ಯಸ್ಥರು ರಜೆಯಲ್ಲಿದ್ದರು. ಪಟ್ಟಿ ಮಾಡಿದ್ದು ಬೇರೆಯವರು, ನನ್ನ ಹೆಸರು ಬಿಟ್ಟುಹೋಗಿದ್ದು ಅವರ ಕಣ್ತಪ್ಪಿನಿಂದ. ದಾಖಲೆ ಮೇಜಿನ ಮೇಲೇ ಇತ್ತು. ಅದಾದ ಮೇಲೆ ನಾನು ಹೇಳಿದ ನಿಜವೂ ಯಾರ ಕಿವಿಗೂ ಬೀಳಲಿಲ್ಲ. ವರದಿಯ ಕಳ್ಳತನ ಮೂವತ್ತೇಳರಲ್ಲಿ ಒಂದಾಗಿ ಕೊಚ್ಚಿಹೋಯಿತು. ಕರಡುಗಳನ್ನು ಮೊದಲಿನಿಂದ ನೋಡಿದ್ದ ಗೆಳತಿಯೊಬ್ಬಳು ಸಾಕ್ಷಿ ಹೇಳಲು ಒಪ್ಪಿದ್ದಳು. ನೋಟ್‌ಬುಕ್ಕಿನ ಕೆಲವು ಪುಟಗಳನ್ನು ಓದಿ, "ಇದು ವರದಿಯ ಮಾತು ಅಂದುಕೊಂಡಿದ್ದೆ. ನೀನು ಅವರನ್ನು ಮುಗಿಸೋಕೆ ಹೊರಟಿದ್ದೀಯ. ನನ್ನ ಬಿಟ್ಟುಬಿಡು," ಅಂದಳು. ಆ ಸ್ನೇಹ ಮತ್ತೆ ಮೊದಲಿನಂತೆ ಆಗಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಹಿರಿಯರು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಕೊಯ್ದುಕೊಂಡಿದ್ದು ನನ್ನದೇ ಮೂಗು ಅಂತ ಆಗ ತಿಳಿಯಿತು.

ಇನ್ನೊಂದು ವಿಷಯ. ಆ ಹದಿನಾಲ್ಕು ತಿಂಗಳು ನಾನು ಸುಮ್ಮನಿರಲಿಲ್ಲ, ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಅಂತ ನಂಬಿದ್ದೆ. 2002ರಲ್ಲಿ ಬ್ರ್ಯಾಡ್ ಬುಶ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞ ಇದನ್ನೇ ಪರೀಕ್ಷಿಸಿ ನೋಡಿದ್ದರು. ಬೇಕೆಂದೇ ಸಿಟ್ಟೆಬ್ಬಿಸಿದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು. ಇನ್ನು ಕೆಲವರು ಎರಡು ನಿಮಿಷ ಸುಮ್ಮನೆ ಕೂತಿದ್ದರು. ಗುದ್ದಿದವರ ಸಿಟ್ಟು ಇಳಿಯುವುದು ಹಾಗಿರಲಿ, ಸುಮ್ಮನೆ ಕೂತವರಿಗಿಂತ ಹೆಚ್ಚಾಗಿತ್ತು. ನಾನೂ ಪ್ರತಿ ಸಲ ಕಥೆ ಹೇಳುವಾಗ ಮೊದಲಿನಿಂದ ಅವಮಾನ ಅನುಭವಿಸುತ್ತಿದ್ದೆ, ಕೇಳುವವರ "ಛೇ" ಅನ್ನುವ ಒಂದು ಉದ್ಗಾರಕ್ಕಾಗಿ ಸ್ವಲ್ಪ ಉಪ್ಪುಖಾರವನ್ನೂ ಸೇರಿಸುತ್ತಿದ್ದೆ. ಆ ಸೇರಿಸಿದ್ದು ರಾತ್ರಿ ನೋಟ್‌ಬುಕ್ಕಿಗೆ ಹೋಗುತ್ತಿತ್ತು.

ಕರುಣೆಯ ಮಾತಿಗೆ ಬರುತ್ತೇನೆ.

ದೂರು ಬಿದ್ದುಹೋದ ಮೇಲೆ ಆ ಕೆಲಸ ಬಿಟ್ಟೆ. ಕೆಲವು ತಿಂಗಳು ಕಳೆದ ಮೇಲೆ, ನನ್ನ ಪ್ರಕರಣ ಯಾಕೆ ಸೋತಿತು ಅಂತ ತಿಳಿಯಲೆಂದೇ ನೋಟ್‌ಬುಕ್ ತೆರೆದೆ. ಅವರನ್ನು ಅರ್ಥ ಮಾಡಿಕೊಳ್ಳುವ ಉದ್ದೇಶ ಇನಿತೂ ಇರಲಿಲ್ಲ. ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ, ಕ್ಯಾಮೆರಾ ಇಟ್ಟಿದ್ದರೆ ಏನು ಕಾಣುತ್ತಿತ್ತೋ ಅದು. ಬಲಕ್ಕೆ, ನಾನು ಸೇರಿಸಿದ್ದು. ಮೊದಲು ಕಣ್ಣಿಗೆ ಬಿದ್ದಿದ್ದು ನನ್ನದೇ ಭಾಷೆ. ಮೊದಲ ಪುಟಗಳಲ್ಲಿ 'ಸರ್' ಇದ್ದರು. ಹತ್ತು ಹನ್ನೊಂದನೇ ಪುಟಕ್ಕೆ 'ಅವನು' ಆಗಿದ್ದರು. ಕೊನೆಯ ಪುಟಗಳಲ್ಲಿ 'ಅದು' ಅಂತ ಬರೆದಿದ್ದೆ. 'ಇವತ್ತು ಅದು ಬಂದಿರಲಿಲ್ಲ.' ಒಬ್ಬ ಮನುಷ್ಯನನ್ನು ಅದು ಅಂತ ಬರೆಯುವಷ್ಟು ದೂರ ನಡೆದು ಹೋಗಿದ್ದೆ, ನಡೆದಿದ್ದು ಗೊತ್ತೇ ಆಗಿರಲಿಲ್ಲ.

ಎಡಗಡೆಯ ಸಾಲುಗಳನ್ನು ಒಟ್ಟಿಗೆ ಓದಿದೆ. ಫೋನ್ ಬಂತು, ಎದ್ದು ಹೊರಗೆ ಹೋದರು. ಮೂರು ಗಂಟೆಗೆ ಹೊರಟರು. ಎರಡು ದಿನ ಬರಲಿಲ್ಲ. ಮಾತಿನ ನಡುವೆ ಏನು ಕೇಳಿದರು ಅಂತ ಅವರಿಗೇ ಮರೆತುಹೋಯಿತು. ಅದೇ ಅಂಗಿಯಲ್ಲಿ ಬಂದರು. ಕಾರಣವಿಲ್ಲದೆ ರೇಗಿದರು. ಫೋನ್ ಬಂತು, ಹೊರಗೆ ಹೋದರು. ಐದು ತಿಂಗಳು ಹೀಗೇ. ಆ ರಜೆಯ ಕಾರಣ ವಿಚಾರಣೆಯ ದಿನ ನನ್ನ ಕಿವಿಗೆ ಬಿದ್ದಿತ್ತು, ಆಗ ನನಗೆ ಸಭೆಯ ಪಟ್ಟಿಯದೇ ಚಿಂತೆ. ಅವರ ಮಗು ಆಸ್ಪತ್ರೆಯಲ್ಲಿತ್ತು. ಆ ಐದು ತಿಂಗಳು ಅವರು ಹೇಗಿದ್ದರು ಅಂತ ಅಷ್ಟು ವಿವರವಾಗಿ, ದಿನಾಂಕ ಸಮೇತ ಬರೆದಿಟ್ಟವರು ಲೋಕದಲ್ಲಿ ಇನ್ನೊಬ್ಬರು ಇರಲಿಲ್ಲ. ಅವರ ಸಂಕಟವೆಲ್ಲ ನನ್ನ ಕೈಬರಹದಲ್ಲೇ ಇತ್ತು, ನಾನು ಅದನ್ನೆಲ್ಲ ನನಗಾದ ಅವಮಾನ ಅಂತ ಜಮಾ ಮಾಡಿಕೊಂಡಿದ್ದೆ.

ಅಳು ಬಂತು. ಆ ಹಾಳೆಯ ಮೇಲೆ ಮತ್ತೆ ಬರೆಯುವಾಗ ಕೈ ತಾನಾಗಿಯೇ 'ಅವರು' ಅಂತ ಬರೆಯಿತು.

ಮಗುವಿನ ಕಾಯಿಲೆ ಶುರುವಾಗಿದ್ದು ವರದಿ ಮಂಡಿಸಿ ನಾಲ್ಕು ತಿಂಗಳಾದ ಮೇಲೆ. ಅವರು ನನ್ನ ವರದಿಗೆ ತಮ್ಮ ಹೆಸರು ಹಾಕಿಕೊಂಡಿದ್ದಕ್ಕೆ ಅದು ಕಾರಣವೂ ಅಲ್ಲ, ಸಮಜಾಯಿಷಿಯೂ ಅಲ್ಲ. ಎಡಗಡೆಯ ಕಾಲಂನಲ್ಲಿ ಆ ಕಳ್ಳತನ ಇವತ್ತಿಗೂ ಹಾಗೇ ಇದೆ, ಮೊದಲನೇ ಸಾಲಿನಲ್ಲೇ. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಬೇಕು ಅಂತಲೂ ಅನ್ನಿಸಿಲ್ಲ. ಆದರೆ ಅವರು ನರಳಲಿ ಅನ್ನುವ ಆಸೆ ಅವತ್ತೇ ಹೋಯಿತು. ಅವರು ಆಗಲೇ ಸಾಕಷ್ಟು ನರಳಿದ್ದನ್ನು ನಾನೇ ಬರೆದಿಟ್ಟಿದ್ದೆನಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಸಿಟ್ಟು ಕರುಣೆಯಾಗಿ ಬದಲಾಗುವುದಿಲ್ಲ, ಹಾಲು ಮೊಸರಾದ ಹಾಗೆ ಆಗುವ ಕೆಲಸವಲ್ಲ ಅದು. ನಿಮ್ಮ ಸಿಟ್ಟಿನಲ್ಲಿ ಎರಡು ಮಾತುಗಳು ಹೆಣೆದುಕೊಂಡಿವೆ. 'ನನಗೆ ಅನ್ಯಾಯವಾಗಿದೆ' ಅನ್ನುವುದು ಒಂದು. 'ಅವರಿಗೂ ನೋಯಬೇಕು' ಅನ್ನುವುದು ಇನ್ನೊಂದು. ಮೊದಲನೆಯದನ್ನು ಕರುಣೆಯ ಹೆಸರಿನಲ್ಲಿ ಬಿಟ್ಟುಕೊಡಬೇಡಿ. ಹಾಗೆ ಬಿಟ್ಟುಕೊಟ್ಟು 'ನಾನು ದೊಡ್ಡ ಮನಸ್ಸು ಮಾಡಿದೆ' ಅಂದುಕೊಂಡವರನ್ನು ನೋಡಿದ್ದೇನೆ. ವರ್ಷಗಳ ಮೇಲೆ ಅದು ಮನೆಯವರ ಮೇಲೆ, ಕೈಕೆಳಗಿನವರ ಮೇಲೆ ಕಾರಿಕೊಳ್ಳುತ್ತದೆ. ಎರಡನೆಯದಕ್ಕೆ ಮಾತ್ರ ಊಟ ಹಾಕುವುದನ್ನು ನಿಲ್ಲಿಸಿ. ಸೇಡು ತೀರಿಸಿಕೊಂಡರೆ ಅದು ತಣಿಯುತ್ತದೆ ಅನ್ನುವ ನಂಬಿಕೆಯೂ ಸುಳ್ಳೇ. 2008ರಲ್ಲಿ ಕಾರ್ಲ್‌ಸ್ಮಿತ್, ವಿಲ್ಸನ್, ಗಿಲ್ಬರ್ಟ್ ಎಂಬ ಮೂವರು ಸಂಶೋಧಕರು ಒಂದು ಹಣದ ಆಟ ಆಡಿಸಿದ್ದರು. ಆಟದಲ್ಲಿ ಮೋಸ ಮಾಡಿದವರನ್ನು ಶಿಕ್ಷಿಸುವ ಅವಕಾಶ ಸಿಕ್ಕವರು, ಸಿಗದವರಿಗಿಂತ ಹೆಚ್ಚು ಬೇಸರದಲ್ಲಿದ್ದರು, ಆ ಮೋಸಗಾರರನ್ನೇ ಹೆಚ್ಚು ಹೊತ್ತು ನೆನೆಯುತ್ತಿದ್ದರು. ಅವಕಾಶ ಸಿಗದವರು ಮಾತ್ರ, ಶಿಕ್ಷಿಸಿದ್ದರೆ ಸಮಾಧಾನವಾಗುತ್ತಿತ್ತು ಅಂದುಕೊಂಡೇ ಇದ್ದರು.

ಧ್ಯಾನ ಮಾಡಿ ಅಂತ ನಿಮಗೆ ಯಾರೋ ಹೇಳಿದ್ದಾರಂತೆ, ಕಣ್ಣು ಮುಚ್ಚಿ ಅವರಿಗೆ ಒಳ್ಳೆಯದಾಗಲಿ ಅನ್ನಲು ಹೋದರೆ ಮೈ ಉರಿಯುತ್ತದೆ ಅಂತ ಬರೆದಿದ್ದೀರಿ. ಉರಿಯದೆ ಇರುತ್ತದೆಯೇ? ಬೌದ್ಧರ ಮೈತ್ರಿ ಧ್ಯಾನದಲ್ಲಿ ಒಂದು ಕ್ರಮವಿದೆ. ಮೊದಲು ನಿಮಗೆ ನೀವೇ ಒಳ್ಳೆಯದನ್ನು ಕೋರಿಕೊಳ್ಳಬೇಕು, ಆಮೇಲೆ ಪ್ರೀತಿಯವರಿಗೆ, ಆಮೇಲೆ ಪರಿಚಯವಷ್ಟೇ ಇರುವವರಿಗೆ. ಹಗೆಯವರ ಸರದಿ ಬರುವುದು ಕೊನೆಗೆ. ನೀವು ಕೊನೆಯ ಮೆಟ್ಟಿಲಿಗೆ ನೇರ ಜಿಗಿದಿದ್ದೀರಿ. ನನಗೂ ಒಂದು ವರ್ಷ ಮೊದಲ ಮೆಟ್ಟಿಲೇ ಆಗಲಿಲ್ಲ. ಚಪ್ಪಾಳೆ ತಟ್ಟಿದ ಆ ಕೈಗಳನ್ನು ಕ್ಷಮಿಸಲು, ಅವತ್ತು ಹೆದರಿದ್ದೆ, ಬೇರೇನೂ ತೋಚಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳಲು ಅಷ್ಟು ಕಾಲ ಹಿಡಿಯಿತು.

ನಿಮ್ಮ ಮುಖ್ಯಸ್ಥರ ಮನೆಯಲ್ಲೂ ಹೀಗೊಂದು ಸಂಕಟ ಇರಲೇಬೇಕು ಅಂತ ನಾನು ಹೇಳುತ್ತಿಲ್ಲ. ಇಲ್ಲದೆಯೂ ಇರಬಹುದು. ದುರಾಸೆಯಿಂದಲೇ ಮಾಡಿರಬಹುದು. ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಆ ಜಾಗವನ್ನು ಖಾಲಿ ಬಿಡಿ.

ಇವತ್ತು ರಾತ್ರಿ ನೀವು ಬರೆದ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು ಆ ನಾಲ್ಕು 'ಬೇಕಂತಲೇ'ಗಳನ್ನು ಹೊಡೆದುಹಾಕಿ ಓದಿ ನೋಡಿ. ನಾನು ಹಾಗೆ ಓದಿದೆ. ಆಗಲೂ ದೂರು ಕೊಡುವಷ್ಟು ವಿಷಯ ಉಳಿಯುತ್ತದೆ, ಇನ್ನೂ ಗಟ್ಟಿಯಾಗಿಯೇ ಉಳಿಯುತ್ತದೆ. ದಿನಾಂಕವಿರುವ ಹಳೆಯ ಕರಡುಗಳು ನಿಮ್ಮ ಹತ್ತಿರ ಇದ್ದರೆ ಮೊದಲು ಅವನ್ನು ಒಂದು ಕಡೆ ತೆಗೆದಿಡಿ. ಒಂದೇ ಪುಟದ ದೂರು ಬರೆಯಿರಿ, ಅವರು ತಮ್ಮದೆಂದು ತೋರಿಸಿಕೊಂಡ ನಿಮ್ಮ ಕೆಲಸದ ವಿಷಯ ಬಿಟ್ಟು ಬೇರೆ ಒಂದಕ್ಷರವೂ ಬೇಡ. ಸಾಕ್ಷಿ ಹೇಳುವವರು ಯಾರಾದರೂ ಇದ್ದರೆ ಕಳುಹಿಸುವ ಮೊದಲು ಅವರಿಗೆ ಓದಲು ಕೊಡಿ.