ಕಾವುಪೆಟ್ಟಿಗೆಯೊಳಗೆ ಮಳೆಗಾಲವಿಲ್ಲ

ಪ್ರಶ್ನೆ: ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇನ್‌ಕ್ಯುಬೇಟರ್ ಮಾಡಿಕೊಂಡು ಜುಲೈನಲ್ಲಿ 24 ನಾಟಿಕೋಳಿ ಮೊಟ್ಟೆ ಇಟ್ಟಿದ್ದೆ. ಹೊರಬಂದ ಮರಿ ಒಂಬತ್ತೇ. ಉಳಿದವನ್ನು 23ನೇ ದಿನ ಒಡೆದರೆ ನಾಲ್ಕು ಗೊಡ್ಡು, ಹನ್ನೊಂದರಲ್ಲಿ ಮರಿ ಪೂರ್ತಿ ಬೆಳೆದು ಸತ್ತಿತ್ತು, ಒಳಗೆಲ್ಲ ಒದ್ದೆ. ಚಳಿಗೆಂದು ಗಾಳಿತೂತುಗಳಿಗೆ ಬಟ್ಟೆ ತುರುಕಿದ್ದೆ. ಎರಡು ತಟ್ಟೆ ನೀರೂ ಇತ್ತು. ನಮ್ಮ ಮಳೆಗೆ ಮರಿ ಮಾಡಿಸುವುದೇ ಆಗದ ಕೆಲಸವೆ? (ವಿರಾಜಪೇಟೆ)

ಉತ್ತರ: ಮಳೆಯ ಮೇಲೆ ತಪ್ಪು ಹೊರಿಸಬೇಡಿ, ತಪ್ಪು ಆ ಬಟ್ಟೆಯದು. ಹೊರಗಿನ 20 ಡಿಗ್ರಿ ಸೆಲ್ಸಿಯಸ್, ಶೇ 95 ತೇವದ ಗಾಳಿಯನ್ನೇ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ 35ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿದ್ದ ನೀರು ಎಲ್ಲಿಗೂ ಹೋಗಿಲ್ಲ. ಬಿಸಿಯಾದ ಗಾಳಿ ಇನ್ನಷ್ಟು ನೀರು ಹೀರಬಲ್ಲದು, ಅಷ್ಟೆ. ಅಂದರೆ ಜಡಿಮಳೆಯಲ್ಲೂ ಗಾಳಿಯಾಡುವ ಪೆಟ್ಟಿಗೆಯ ಒಳಗು ಒಣಗಿಯೇ ಇರುತ್ತದೆ. ಜನವರಿಯ ಚಳಿರಾತ್ರಿಯ ಗಾಳಿಯಾದರೆ ಇದೇ ಲೆಕ್ಕದಲ್ಲಿ ಶೇ 20ಕ್ಕೂ ಕೆಳಗೆ ಹೋಗುತ್ತದೆ. ಆಗ ಎರಡು ತಟ್ಟೆ ನೀರು ಬೇಕಾಗಬಹುದು, ಜುಲೈಗೆ ಒಂದು ಸಣ್ಣ ಬಟ್ಟಲು ಸಾಕು. ನೀವು ತೂತು ಮುಚ್ಚಿದಾಗ ತಟ್ಟೆಯ ನೀರಿನ ಆವಿ, ಮೊಟ್ಟೆಗಳಿಂದ ಹೊರಬಿದ್ದ ಆವಿ ಎರಡೂ ಅಲ್ಲೇ ಉಳಿದವು. ಮೊಟ್ಟೆಯೊಳಗಿನ ನೀರು ಆರಲಿಲ್ಲ, ದಪ್ಪ ತುದಿಯ ಗಾಳಿಗೂಡು ದೊಡ್ಡದಾಗಲಿಲ್ಲ. ಚಿಪ್ಪು ಒಡೆಯುವ ಮೊದಲು ಮರಿ ಮೊದಲ ಉಸಿರು ಎಳೆಯುವುದು ಆ ಗೂಡಿನಿಂದ. ಜಾಗ ಸಾಲದೆ ನೀರಲ್ಲೇ ಉಸಿರುಗಟ್ಟಿತು. ಸಾಲದ್ದಕ್ಕೆ ಕೊನೆಯ ವಾರ ಮರಿಗೆ ಆಮ್ಲಜನಕ ಹೆಚ್ಚು ಬೇಕು, ಅದೂ ಸಿಗಲಿಲ್ಲ.

ಪೆನ್ಸಿಲ್ ಗಾತ್ರದ ಎರಡು ತೂತು ಕೆಳಗೆ, ಎರಡು ಮೇಲೆ ಯಾವಾಗಲೂ ತೆರೆದಿರಲಿ. ಮೊದಲ 18 ದಿನ ತೇವಾಂಶ ಶೇ 45ರಿಂದ 55, ಕೊನೆಯ ಮೂರು ದಿನ 65ರಿಂದ 70. ಹೆಚ್ಚಿಸಬೇಕಾದಾಗ ನೀರಿನ ಆಳ ಹೆಚ್ಚಿಸಿ ಪ್ರಯೋಜನವಿಲ್ಲ, ಅಗಲ ಹೆಚ್ಚಿಸಿ. ತಟ್ಟೆಯಲ್ಲೊಂದು ಒದ್ದೆ ಸ್ಪಂಜು ನಿಲ್ಲಿಸಿದರೂ ನಡೆಯುತ್ತದೆ. ಅಗ್ಗದ ತೇವಮಾಪಕವನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಕೆಸರಿನಂತೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಇಡಿ. 75 ತೋರಿಸಬೇಕು. 68 ತೋರಿಸಿದರೆ ಮುಂದೆ ಪ್ರತಿ ಸಲವೂ 7 ಸೇರಿಸಿ ಓದಿ.

ಇದಕ್ಕಿಂತ ನಂಬಿಕಸ್ತ ಸಾಧನ ಅಡುಗೆಮನೆಯ ತಕ್ಕಡಿ. 18 ದಿನದಲ್ಲಿ ಮೊಟ್ಟೆ ತನ್ನ ತೂಕದ ಶೇ 12ರಷ್ಟು ಕಳೆದುಕೊಳ್ಳಬೇಕು. ನಾಟಿ ಮೊಟ್ಟೆ ತಲಾ 45 ಗ್ರಾಂ ಎಂದುಕೊಂಡರೆ 24ಕ್ಕೆ 1,080 ಗ್ರಾಂ. ಏಳನೇ ದಿನ ಸುಮಾರು 50 ಗ್ರಾಂ, 14ನೇ ದಿನ 100, 18ನೇ ದಿನ 130 ಗ್ರಾಂ ಇಳಿದಿರಬೇಕು. ಏಳನೇ ದಿನ 30 ಗ್ರಾಂ ಮಾತ್ರ ಇಳಿದಿದ್ದರೆ ನೀರಿನ ಬಟ್ಟಲನ್ನೇ ಹೊರಗೆ ತೆಗೆಯಿರಿ. 70 ಇಳಿದಿದ್ದರೆ ಇನ್ನೊಂದು ಬಟ್ಟಲು ಇಡಿ. ಗೊಡ್ಡು ಮೊಟ್ಟೆ ತೆಗೆದಾಗ ಉಳಿದವನ್ನು ಹೊಸದಾಗಿ ತೂಗಿ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ನಮ್ಮಲ್ಲಿ ಮರಿ ಯಾವಾಗಲೂ 23ನೇ ದಿನಕ್ಕೆ ಬರುತ್ತದೆ, ಹೊಟ್ಟೆ ಉಬ್ಬಿರುತ್ತದೆ. ಹಳೆಯ 40 ವಾಟ್ ಬಲ್ಬ್ ಅಂಗಡಿಯಲ್ಲಿ ಸಿಗುತ್ತಿಲ್ಲ, ಎಲ್‌ಇಡಿ ಹಾಕಬಹುದೆ? (ಸೋಮವಾರಪೇಟೆ)

ಉತ್ತರ: ಎಲ್‌ಇಡಿ ಬೆಳಕಿಗೆ, ಕಾವಿಗಲ್ಲ. ತಂತಿ ಉರಿಯುವ ಬಲ್ಬೇ ಬೇಕು. ಸಿಗದಿದ್ದರೆ ಸಾಕುಪ್ರಾಣಿ ಅಂಗಡಿಯ ಸೆರಾಮಿಕ್ ಹೀಟರ್ ಬಲ್ಬ್ ತನ್ನಿ. ಒಂದರ ಬದಲು ಕಡಿಮೆ ವಾಟಿನ ಎರಡು ಹಾಕುವುದು ಜಾಣತನ. ನಡುರಾತ್ರಿ ಒಂದು ಸುಟ್ಟರೂ ಮೊಟ್ಟೆ ಪೂರ್ತಿ ತಣ್ಣಗಾಗದು.

ಎರಡು ದಿನ ತಡವಾಗುತ್ತಿದೆ ಎಂದರೆ ಶಾಖ ಅರ್ಧದಿಂದ ಒಂದು ಡಿಗ್ರಿ ಕಡಿಮೆಯಿದೆ. ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್‌ನ ಅಂಕಿ ಸುಳ್ಳು ಹೇಳುತ್ತಿರಬಹುದು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರುತ್ತದಲ್ಲ, ಅದು ಈ ಅಳತೆಯಲ್ಲೇ ಅತಿ ನಿಖರ. ಲೋಟದ ಉಗುರುಬೆಚ್ಚಗಿನ ನೀರಿಗೆ ಅದನ್ನೂ ಥರ್ಮೋಸ್ಟಾಟ್‌ನ ತಂತಿಯ ತುದಿಯನ್ನೂ ಒಟ್ಟಿಗೆ ಅದ್ದಿ ಹೋಲಿಸಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ, ಅಂದರೆ 99.5 ಫ್ಯಾರನ್‌ಹೀಟ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದು 38.5 ಇರಲಿ, ಏಕೆಂದರೆ ಮೊಟ್ಟೆಯ ಕೆಳಭಾಗ ತಣ್ಣಗಿರುತ್ತದೆ. ಕಂಪ್ಯೂಟರಿನ ಹಳೆಯ 12 ವೋಲ್ಟ್ ಫ್ಯಾನ್ ಹಾಕಿಬಿಡಿ, ಈ ತಲೆನೋವೇ ಬೇಡ. ಸೆನ್ಸರ್ ಬಲ್ಬಿಗೆ ಎದುರಾಗಿರದೆ ಮೊಟ್ಟೆಗಳ ನಡುವೆ, ಅವುಗಳ ಎತ್ತರಕ್ಕೆ ಇರಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ನಾಲ್ಕೈದು ಗಂಟೆ ಹೋಗುತ್ತದೆ. ಮೊಟ್ಟೆ ಕೆಟ್ಟಂತೆಯೇ? ಗುಡುಗಿಗೂ ಕೆಡುತ್ತದೆ ಎನ್ನುತ್ತಾರೆ, ಕಬ್ಬಿಣದ ತುಂಡು ಇಡಬೇಕೆ? (ಮಡಿಕೇರಿ)

ಉತ್ತರ: ಕಬ್ಬಿಣ ಇಟ್ಟರೆ ನಷ್ಟವೇನೂ ಇಲ್ಲ, ಆದರೆ ಗುಡುಗಿನ ಜೊತೆ ಹೋಗುವ ಕರೆಂಟನ್ನು ಅದು ತಡೆಯದು. ಮೊಟ್ಟೆ ತಂಪನ್ನು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತಾಳುತ್ತದೆ, ಬಿಸಿಯನ್ನು ತಾಳದು. ನಾಲ್ಕು ಗಂಟೆ 28–30 ಡಿಗ್ರಿಗೆ ಇಳಿದರೆ ಮರಿ ಕೆಲವು ಗಂಟೆ ತಡವಾಗುತ್ತದೆ, ಬಹುತೇಕ ಬದುಕುತ್ತದೆ. 40 ಡಿಗ್ರಿ ದಾಟಿ ನಿಂತರೆ ಅಪಾಯ. ಹಾಗಾಗಿ ಕರೆಂಟು ಬಂದಾಗ ‘ಬೇಗ ಬಿಸಿಯಾಗಲಿ’ ಎಂದು ದೊಡ್ಡ ಬಲ್ಬ್ ಹಾಕಬೇಡಿ.

ಕರೆಂಟು ಹೋದೊಡನೆ ಮುಚ್ಚಳ ತೆರೆಯದೆ ಕಂಬಳಿ ಹೊದಿಸಿ. ಮೊದಲ ಎರಡು ವಾರ ತೂತುಗಳೂ ಎರಡು ಗಂಟೆ ಮುಚ್ಚಿರಬಹುದು. ಕೊನೆಯ ವಾರ ಮುಚ್ಚಕೂಡದು. ಆಗ ಮರಿಗಳೇ ಶಾಖ ಹೊಮ್ಮಿಸುತ್ತವೆ, ಅವಕ್ಕೆ ಗಾಳಿ ಬೇಕು. ಎರಡು ಗಂಟೆ ದಾಟಿದರೆ 50 ಡಿಗ್ರಿ ನೀರಿನ ಲೀಟರ್ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ, ಮೊಟ್ಟೆಗೆ ತಾಗದಂತೆ ಒಳಗಿಡಿ. ಮನೆಯ ಇನ್ವರ್ಟರಿಗೆ ಜೋಡಿಸುವುದು ಇನ್ನೂ ಸುಲಭ: 40 ವಾಟಿನ ಎರಡು ಬಲ್ಬ್ ಮತ್ತು ಫ್ಯಾನಿಗೆ 150 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಚಾರ್ಜು ಎಂಟು ಗಂಟೆಗೆ ಬರುತ್ತದೆ.

ಪ್ರಶ್ನೆ: ಮೊಟ್ಟೆ ಕೂಡಿಡುವುದು ಹೇಗೆ, ಫ್ರಿಜ್ ಆದೀತೆ? ಕಾವು ಕೂತ ಹೇಂಟೆಗೆ ಎಷ್ಟು ಇಡಬೇಕು? (ಪೊನ್ನಂಪೇಟೆ)

ಉತ್ತರ: ಫ್ರಿಜ್ ಬೇಡ, 4 ಡಿಗ್ರಿ ತೀರಾ ತಂಪು. ಕೊಡಗಿನ ಮನೆಯ ತಂಪು ಮೂಲೆಯೇ 18 ಡಿಗ್ರಿ ಹತ್ತಿರ ಇರುತ್ತದೆ. ಚೂಪು ತುದಿ ಕೆಳಗಾಗಿ ಇಟ್ಟು ಏಳು ದಿನದೊಳಗೆ ಕಾವಿಗೆ ಹಾಕಿ. ತೊಳೆಯಬೇಡಿ, ಹಿಕ್ಕೆ ಮೆತ್ತಿದ್ದನ್ನು ಬಿಟ್ಟುಬಿಡಿ. ಅಂಗಡಿಯ ಬಿಳಿ ಫಾರಂ ಮೊಟ್ಟೆ ಹುಂಜವಿಲ್ಲದ್ದು, 21 ದಿನ ಇಟ್ಟರೂ ಅಷ್ಟೆ.

ಮಳೆಗಾಲದಲ್ಲಿ ನಾಟಿ ಹೇಂಟೆಗೆ ಎಂಟರಿಂದ ಹತ್ತು. ಮೈಯಡಿ ಹಿಡಿಸದ ಮೊಟ್ಟೆ ಸರದಿಯಲ್ಲಿ ತಣ್ಣಗಾಗಿ ಎಲ್ಲವೂ ಕೆಡುತ್ತವೆ. ಎರಡು ರಾತ್ರಿ ಹುಸಿ ಮೊಟ್ಟೆಯ ಮೇಲೆ ಗಟ್ಟಿಯಾಗಿ ಕೂತರೆ ಮಾತ್ರ ಕತ್ತಲಲ್ಲಿ ಅಸಲಿ ಇಡಿ, ಎಲ್ಲವನ್ನೂ ಒಂದೇ ದಿನ. ದಿನಕ್ಕೆ 15–20 ನಿಮಿಷ ಎದ್ದು ಹೋಗುವುದು ಅದರ ಅಭ್ಯಾಸ, ಗಾಬರಿ ಬೇಡ. ಆದರೆ ಹೇನು ಹತ್ತಿದರೆ ನಡುವೆಯೇ ಬಿಟ್ಟೇಳಬಹುದು. ಬುಟ್ಟಿಯ ಹುಲ್ಲು ಹೊಸದಾಗಿರಲಿ.

ಪ್ರಶ್ನೆ: ಚಿಪ್ಪಿನಲ್ಲಿ ತೂತು ಮಾಡಿದ ಮರಿ ಹತ್ತು ಗಂಟೆಯಾದರೂ ಹೊರಬಂದಿಲ್ಲ. ಬಿಡಿಸಲೆ? (ಕುಶಾಲನಗರ)

ಉತ್ತರ: ಬೇಡ. ಮೊದಲ ತೂತಿನಿಂದ ಹೊರಬರುವವರೆಗೆ 24 ಗಂಟೆ ಹಿಡಿಯಬಹುದು. ಅಷ್ಟರಲ್ಲಿ ಹಳದಿ ಹೊಟ್ಟೆಯೊಳಗೆ ಸೇರಬೇಕು, ಚಿಪ್ಪಿನ ಪೊರೆಯ ರಕ್ತನಾಳ ಒಣಗಬೇಕು. ಮೊದಲೇ ಎಳೆದರೆ ರಕ್ತ ಸುರಿದು ಸಾಯುತ್ತದೆ. ಮುಚ್ಚಳ ಮತ್ತೆ ಮತ್ತೆ ತೆರೆದರೆ ಉಳಿದ ಮೊಟ್ಟೆಗಳ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. 24 ಗಂಟೆ ದಾಟಿದ ಮೇಲೂ ಪೊರೆ ಕಂದುಬಣ್ಣಕ್ಕೆ ತಿರುಗಿ ಕಾಗದದಂತಾಗಿದ್ದರೆ ಹತ್ತಿಯಲ್ಲಿ ಬೆಚ್ಚನೆ ನೀರು ಸವರಿ, ಚಿಪ್ಪನ್ನಷ್ಟೇ ಕಾಳಿನಷ್ಟು ಬಿಡಿಸಿ. ಕೆಂಪು ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ಹುಟ್ಟಿದ ಮರಿ ಗರಿ ಒಣಗುವವರೆಗೆ ಪೆಟ್ಟಿಗೆಯಲ್ಲೇ ಇರಲಿ. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಒಂದು ದಿನ ತಿನ್ನದಿದ್ದರೂ ತೊಂದರೆಯಿಲ್ಲ. ಆಮೇಲೆ 35 ಡಿಗ್ರಿಯ ಬ್ರೂಡರಿಗೆ, ಅಂದರೆ ಮರಿಗಳನ್ನು ಬಲ್ಬಿನಿಂದ ಬೆಚ್ಚಗಿಡುವ ಗೂಡಿಗೆ; ವಾರಕ್ಕೆ 3 ಡಿಗ್ರಿ ಇಳಿಸುತ್ತ ಹೋಗಿ. ಬಲ್ಬಿನಡಿ ಗುಂಪುಗೂಡಿ ಚೀರಿದರೆ ಚಳಿ, ಅಂಚಿಗೆ ಸರಿದು ಬಾಯಿ ಬಿಟ್ಟರೆ ಸೆಕೆ. ಭತ್ತದ ಹೊಟ್ಟು ಹಿಡಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿದರೆ ಅಂದೇ ಬದಲಿಸಿ, ರಕ್ತಭೇದಿ ಹುಟ್ಟುವುದು ಆ ಒದ್ದೆಯಲ್ಲೇ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿ.