ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಿಂದ (ಎರಡು ವರ್ಷದ ಕಾಲೇಜು) ಯುಸಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಹೋದರೆ ಕ್ರೆಡಿಟ್ ಎಲ್ಲಾ ಲೆಕ್ಕಕ್ಕೆ ಬರುತ್ತಾ?

ಎಲ್ಲಾ ಬರುವುದಿಲ್ಲ. ಮೂರನೇ ವರ್ಷಕ್ಕೆ ಸೇರಲು ಯುಸಿ ಒಪ್ಪುವಂಥ 60 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್ ಅಳೆಯುವ ಲೆಕ್ಕ) ಬೇಕು. ಕುಪರ್ಟಿನೋದ ಡಿ ಆನ್ಜಾ ಥರ, ವರ್ಷವನ್ನು ಸೆಮಿಸ್ಟರ್ ಬದಲು ಕ್ವಾರ್ಟರ್‌ಗಳಾಗಿ ಹಂಚುವ ಕಾಲೇಜಾದರೆ 90 ಕ್ವಾರ್ಟರ್ ಯೂನಿಟ್. ಹಾಗಂತ ಸುಮ್ನೆ ಸಿಕ್ಕಿದ್ದೆಲ್ಲಾ ಓದಿ ಗುಡ್ಡೆ ಹಾಕಬೇಡಿ. ಕಮ್ಯುನಿಟಿ ಕಾಲೇಜಿನ ಕೋರ್ಸ್‌ಗಳಿಗೆ ಕೊಡುವ ಕ್ರೆಡಿಟ್ 70 ಸೆಮಿಸ್ಟರ್ ಯೂನಿಟ್‌ಗೆ ನಿಲ್ಲುತ್ತದೆ.

ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಯೂನಿಟ್ ಸಿಗುವುದೇ ಬೇರೆ, ಅದು ನಿಮ್ಮ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಸಲ್ಲುವುದೇ ಬೇರೆ. ಅಸಿಸ್ಟ್ ಡಾಟ್ ಆರ್ಗ್ ವೆಬ್‌ಸೈಟ್‌ಗೆ ಹೋಗಿ ನಿಮ್ಮ ಕಾಲೇಜು, ಸೇರಬೇಕಾದ ಕ್ಯಾಂಪಸ್, ಮೇಜರ್ ಮೂರನ್ನೂ ಹಾಕಿ. ಎಡಗಡೆ ಯುಸಿ ಕೇಳುವ ಕೋರ್ಸ್, ಬಲಗಡೆ ನಿಮ್ಮಲ್ಲಿ ಅದಕ್ಕೆ ಸಮನಾದದ್ದು. ಕೆಲವು ಸಲ ಒಂದು ಕೋರ್ಸ್‌ಗೆ ಎದುರಾಗಿ ಎರಡು ಮೂರು ಇರುತ್ತವೆ, ಅಷ್ಟನ್ನೂ ಮುಗಿಸಿದರೆ ಮಾತ್ರ ಲೆಕ್ಕ. ಫಿಸಿಕ್ಸ್‌ನಲ್ಲಿ ಈ ಕಾಟ ಇದ್ದದ್ದೇ. ಮೊದಲ ಟರ್ಮ್‌ಗೆ ಮುಂಚೆಯೇ ನೋಡಿಕೊಳ್ಳಿ, ಆಮೇಲೆ ಒದ್ದಾಡಬೇಡಿ.

ಡೇವಿಸ್, ಅರ್ವೈನ್ ಸೇರಿ ಯುಸಿಯ ಆರು ಕ್ಯಾಂಪಸ್‌ಗಳು ಸೀಟಿನ ಖಾತ್ರಿ ಕೊಡುವ 'ಟ್ಯಾಗ್' ಒಪ್ಪಂದ ಮಾಡಿಕೊಳ್ಳುತ್ತವೆ. ಅರ್ಜಿ ಸೆಪ್ಟೆಂಬರ್‌ನಲ್ಲಿ. ಬರ್ಕ್ಲಿಯಲ್ಲಿ ಅದಿಲ್ಲ. ಅಂದಹಾಗೆ, ಕಮ್ಯುನಿಟಿ ಕಾಲೇಜಿನ ಹಳೇ ಜಿಪಿಎ (ಗ್ರೇಡ್‌ಗಳ ಸರಾಸರಿ) ಅಡ್ಮಿಷನ್‌ಗೆ ಮಾತ್ರ. ಯುಸಿಯಲ್ಲಿ ಅದು ಹೊಸದಾಗಿ ಶುರುವಾಗುತ್ತದೆ.