ಬಿಜ್ ಮಾರ್ಕಿಯವರಂತೆ ಬೀಟ್‌ಬಾಕ್ಸ್ ಬಿಟ್ಟು ಹಾಡಿಗೆ ಬಂದರೆ ಮಾತ್ರ ಹೆಸರು ಸಿಗುತ್ತದೆಯೇ?

ರ‍್ಯಾಪ್ ಹೇಳುವ ಗೆಳೆಯನ ಪಕ್ಕದಲ್ಲಿ ಮೂರು ವರ್ಷ ನಿಂತು ಬಾಯಲ್ಲೇ ತಾಳ ಕೊಟ್ಟರೂ, ಅಂದರೆ ಬೀಟ್‌ಬಾಕ್ಸ್ ಮಾಡಿದರೂ, ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ, ಅಮೆರಿಕದ ರ‍್ಯಾಪ್ ಗಾಯಕ ಬಿಜ್ ಮಾರ್ಕಿಯವರು ಅದನ್ನು ಬಿಟ್ಟು ಹಾಡಿಗೆ ಬಂದದ್ದರಿಂದಲೇ ಹೆಸರಾದರು ಎಂದು ಬರೆದಿದ್ದೀರಿ. ಬೆಂಗಳೂರಿನಲ್ಲಿ ನಾನು ಅದೇ ಜಾಗದಲ್ಲಿ ನಾಲ್ಕು ವರ್ಷ ನಿಂತಿದ್ದೆ. ನನಗೂ ಆಗ ಬಿಜ್ ಮಾರ್ಕಿಯವರೇ ಆದರ್ಶವಾಗಿದ್ದರು, ಅವರ ಬದುಕನ್ನು ನಿಮ್ಮ ಹಾಗೆಯೇ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ.

ಒಂದು ಭಾನುವಾರ ಗೆಳೆಯನ ಹೊಸ ಹಾಡಿನ ಧ್ವನಿಮುದ್ರಣಕ್ಕೆಂದು ಬನಶಂಕರಿಯ ಬಾಡಿಗೆ ಕೋಣೆಯೊಂದಕ್ಕೆ ಹೋದೆವು. ಬೀದಿಯ ಸದ್ದು ಬಾರದಂತೆ ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನ್ ಆರಿಸಿದ್ದರು. ಸಂಗೀತ ಕೂಡಿಸುತ್ತಿದ್ದವರು, "ಪೂರ್ತಿ ಬಾರಿಸುವುದನ್ನು ಆಮೇಲೆ ನೋಡೋಣ, ಮೊದಲು ಒಂದೊಂದೇ ಸದ್ದನ್ನು ಬಿಡಿಬಿಡಿಯಾಗಿ ಕೊಡಿ" ಎಂದರು. ಕೊಟ್ಟೆ. ಡ್ರಮ್ಸ್‌ನ ದೊಡ್ಡ ಡೋಲಿನ ಸದ್ದಾದ ಕಿಕ್ 12 ಸಲ, ಚಿಕ್ಕ ಡೋಲಿನ ಸದ್ದಾದ ಸ್ನೇರ್ 12 ಸಲ, ಜೋಡಿ ತಾಳಗಳಾದ ಹೈಹ್ಯಾಟ್‌ನ 'ತ್ಸ್' ಮುಚ್ಚಿದ್ದು ಬೇರೆ, ತೆರೆದದ್ದು ಬೇರೆ. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಬೆವರು ಒರೆಸಿಕೊಂಡು, ಟೀ ಕುಡಿದು ಮನೆಗೆ ಬಂದೆ. ಅವರು ಹೇಳಿದ್ದ 'ಆಮೇಲೆ' ಬರಲೇ ಇಲ್ಲ.

ಮೂರು ತಿಂಗಳ ನಂತರ ಕಾಲೇಜೊಂದರ ಉತ್ಸವದಲ್ಲಿ ಗೆಳೆಯನ ಕಾರ್ಯಕ್ರಮವಿದೆಯೆಂದು ಬೇರೆಯವರಿಂದ ತಿಳಿದು ಹೋದಾಗ, ವೇದಿಕೆಯ ಮೇಲೆ ನಾನು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಮೇಜೂ ಅದರ ಮೇಲೆ ಒತ್ತಿದರೆ ಮುದ್ರಿಸಿಟ್ಟ ಸದ್ದು ನುಡಿಯುವ 16 ಗುಂಡಿಗಳ ಪ್ಯಾಡೂ ಇದ್ದವು. ನನ್ನ ತುಟಿ ಒಣಗಿದಾಗ ಕಿಕ್‌ಗೆ ಮುಂಚೆ 'ಚಿಟ್' ಎಂದು ಒಂದು ಸಣ್ಣ ಸದ್ದು ಬರುತ್ತದೆ. ಎರಡು ತುಟಿ ಅಂಟಿಕೊಂಡು ಬಿಡುವ ಸದ್ದು ಅದು. ಪ್ರತಿ ಕಿಕ್‌ನ ಮುಂದೆಯೂ ಅದೇ 'ಚಿಟ್' ಅಷ್ಟು ದೊಡ್ಡ ಸ್ಪೀಕರುಗಳಿಂದ ಬರುತ್ತಿತ್ತು. ಅದು ಯಾರ ತುಟಿಯದೆಂದು ಅಲ್ಲಿದ್ದವರಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಕೇಳಿದರೆ ಗೆಳೆಯ, "ನೀನೇ ಕೊಟ್ಟಿದ್ದಲ್ಲವೇನೋ?" ಎಂದ. ಹೌದು, ನಾನೇ ಕೊಟ್ಟಿದ್ದೆ.

ಇಲ್ಲಿ ನನ್ನ ತಪ್ಪು ಏನೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನನಗೇ ಅದು ತಿಳಿಯಲು ವರ್ಷ ಹಿಡಿಯಿತು. ಸದ್ದು ಕೊಟ್ಟದ್ದು ತಪ್ಪಲ್ಲ, ಬಿಡಿಬಿಡಿಯಾಗಿ ಕೊಟ್ಟದ್ದು ತಪ್ಪು. ನಾವು ಒಂದು ಆವರ್ತ ಬಾರಿಸುವಾಗ ಉಸಿರು ಎಲ್ಲಿ ಒಳಗೆ ಹೋಗುತ್ತದೆ, ಯಾವ ಸ್ನೇರನ್ನು ಉಸಿರೆಳೆದುಕೊಳ್ಳುತ್ತಲೇ ಹೊಡೆಯುತ್ತೇವೆ, ಎಲ್ಲಿ ಕೂದಲೆಳೆಯಷ್ಟು ತಡವಾಗಿ ಬೀಳುತ್ತೇವೆ ಎಂಬುದೆಲ್ಲ ಸೇರಿಯೇ ಅದು ನಮ್ಮ ಬಾರಿಸುವಿಕೆಯಾಗುತ್ತದೆ. ಒಂಟಿ ಕಿಕ್‌ನಲ್ಲಿ ಇವು ಯಾವುವೂ ಇಲ್ಲ; ಅದನ್ನು ಯಾರು ಬೇಕಾದರೂ ಗುಂಡಿಗೆ ಕೂಡಿಸಿ ಒತ್ತಬಹುದು. ಇಡೀ ಆವರ್ತ ಕೊಟ್ಟಿದ್ದರೆ ಮುಂದಿನ ಹಾಡಿಗೆ ನನ್ನನ್ನು ಮತ್ತೆ ಕರೆಯಬೇಕಾಗುತ್ತಿತ್ತು. ಅದರ ಮೇಲೆ, ಈ ಸದ್ದುಗಳು ಇಂಥ ಹಾಡಿಗೆ ಮಾತ್ರ ಎಂದು ಒಂದು ಸಾಲನ್ನೂ ಬರೆಸಿಕೊಳ್ಳಲಿಲ್ಲ, ಫೈಲಿನ ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ.

ಬೀಟ್‌ಬಾಕ್ಸ್ ಎಂಬುದು ಮೊದಲು ತಾಳಯಂತ್ರದ ಹೆಸರು. ಅದರ ಸದ್ದನ್ನು ಬಾಯಿಗೆ ತಂದವರು ಡಗ್ ಇ. ಫ್ರೆಶ್, ಫ್ಯಾಟ್ ಬಾಯ್ಸ್ ತಂಡದ ಡ್ಯಾರೆನ್ ರಾಬಿನ್ಸನ್ ಮತ್ತು ಬಿಜ್ ಮಾರ್ಕಿಯಂಥ ನ್ಯೂಯಾರ್ಕಿನ ಹುಡುಗರು. ನನ್ನ ಪಾಲಿಗೆ ಅದು ಬಾಯಿಂದ ಮತ್ತೆ ಯಂತ್ರಕ್ಕೆ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 1964ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಮಾರ್ಸೆಲ್ ಹಾಲ್, ಅಂದರೆ ಬಿಜ್ ಮಾರ್ಕಿ, ಮೊದಲು ರಾಕ್ಸಾನ್ ಶಾಂಟೆಯವರ ರ‍್ಯಾಪ್‌ಗೆ ಬಾಯಿತಾಳ ಕೊಡುತ್ತಿದ್ದವರೇ. ಅವರೂ ನಿಮ್ಮ ಜಾಗದಲ್ಲೇ ನಿಂತಿದ್ದರು. ಆದರೆ 1986ರಲ್ಲಿ ಬಂದ ತಮ್ಮ ಹಾಡಿಗೆ 'ಮೇಕ್ ದ ಮ್ಯೂಸಿಕ್ ವಿತ್ ಯುವರ್ ಮೌತ್, ಬಿಜ್' ಎಂದು ಹೆಸರಿಟ್ಟರು. ಬಾಯಿಯಿಂದ ಸಂಗೀತ ಮಾಡುವ ಕೆಲಸವೂ ಅದನ್ನು ಮಾಡುವವನ ಹೆಸರೂ ಶೀರ್ಷಿಕೆಯಲ್ಲೇ ಒಟ್ಟಿಗೆ ಕುಳಿತವು. 1989ರ 'ಜಸ್ಟ್ ಎ ಫ್ರೆಂಡ್' ಅಮೆರಿಕದ ಮೊದಲ ಹತ್ತು ಹಾಡುಗಳ ಸಾಲಿಗೇರಿದ್ದು ಆಮೇಲಿನ ಮಾತು. ಅವರು ಬೀಟ್‌ಬಾಕ್ಸ್ ಬಿಟ್ಟರು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದೇ ಇಲ್ಲ. 2007ರಲ್ಲಿ ಆರಂಭವಾದ 'ಯೋ ಗಬ್ಬಾ ಗಬ್ಬಾ' ಎಂಬ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ನಡುವಯಸ್ಸಿನ ಆ ಮನುಷ್ಯ ಪುಟ್ಟ ಮಕ್ಕಳಿಗೆ ಬಾಯಲ್ಲಿ ತಾಳ ಹಾಕುವುದನ್ನು ಕಲಿಸುತ್ತಿದ್ದರು. 2021ರ ಜುಲೈ 16ರಂದು ತೀರಿಕೊಂಡಾಗ ಅವರಿಗೆ 57 ವರ್ಷ.

ಅವರ ಇನ್ನೊಂದು ಕಥೆ ನನಗೆ ಹೆಚ್ಚು ನಾಟಿದ್ದು. ಗಾಯಕ ಗಿಲ್ಬರ್ಟ್ ಓಸಲಿವನ್ ಅವರ ಹಾಡೊಂದರ ತುಣುಕನ್ನು ಬಳಸಲು ಅನುಮತಿ ಕೇಳಿ, ಅದು ಸಿಗುವ ಮುನ್ನವೇ ಬಿಜ್ ಅವರ ಆಲ್ಬಂ ಬಿಡುಗಡೆಯಾಯಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು 'ಕದಿಯಬಾರದು' ಎಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪನ್ನು ಆರಂಭಿಸಿದರು. ಆ ತೀರ್ಪು ಇಂಥ ತುಣುಕುಗಳನ್ನು ಬಳಸುವ ಹಿಪ್‌ಹಾಪ್ ಸಂಗೀತದ ಕೈ ಕಟ್ಟಿತೆಂದು ಮರುಗುವವರು ಬಹಳ ಜನ, ಅವರ ಮಾತಿನಲ್ಲಿ ಹುರುಳೂ ಇದೆ. ಆದರೆ ಸ್ಪೀಕರಿನಲ್ಲಿ ನನ್ನದೇ ತುಟಿಯ ಸದ್ದನ್ನು ಕೇಳಿದವನಾಗಿ, ನಾನು ಅವರೊಂದಿಗೆ ಪೂರ್ತಿ ದನಿಗೂಡಿಸಲಾರೆ. ಬಿಜ್ ಅವರ 1993ರ ಆಲ್ಬಂನ ಹೆಸರು 'ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್!', ಎಂದರೆ ಬಳಸಿದ ಎಲ್ಲ ತುಣುಕುಗಳಿಗೂ ಅನುಮತಿ ಪಡೆದಿದ್ದೇವೆ ಎಂದು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡುತ್ತದೆ. ಪ್ರದರ್ಶಕರ ಪಟ್ಟಿಯಲ್ಲಿ ಗಾಯಕ, ವಾದಕರ ಜೊತೆಗೆ ದೊಂಬರಾಟದವರೂ ಹಾವಾಡಿಗರೂ ಇದ್ದಾರೆ, ಕೊನೆಗೆ ಪ್ರದರ್ಶನ ನೀಡುವ ಬೇರೆ ಯಾರೇ ಆಗಲಿ ಎಂದೂ ಇದೆ. ಬಾಯಲ್ಲಿ ಬಾರಿಸಿದ್ದಕ್ಕೆಲ್ಲ ಎಂಥ ಕಾಗದ ಎಂದು ಯಾರಾದರೂ ಕೇಳಿದರೆ ಇದನ್ನು ತೋರಿಸಿ.

ಆದ್ದರಿಂದ ಹಾಡಿಗೆ ಬರಬೇಕೋ ಬೇಡವೋ ಎಂಬ ಚರ್ಚೆಯನ್ನು ಸದ್ಯಕ್ಕೆ ಬದಿಗಿಡಿ. ಮುಂದಿನ ತಿಂಗಳು ಧ್ವನಿಮುದ್ರಣವಿದೆ ಎಂದಿದ್ದೀರಲ್ಲ, ಅಲ್ಲಿ ಒಂಟಿ ಕಿಕ್ ಕೇಳಿದರೆ ಇಲ್ಲವೆನ್ನಿ. ಹಾಡಿನ ಉದ್ದಕ್ಕೂ ನಿಂತು ಬಾರಿಸಿ, ಹೊರಡುವ ಮೊದಲು ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಮತ್ತು ಶೀರ್ಷಿಕೆಯಲ್ಲಿ ಗೆಳೆಯನ ಹೆಸರಿನ ಪಕ್ಕದಲ್ಲೇ ನಿಮ್ಮ ಹೆಸರೂ ಇರಬೇಕೆಂದು ಅಂದೇ, ಆ ಕೋಣೆಯಲ್ಲೇ ಕೇಳಿ.